ಮಲಬದ್ಧತೆ: ನಾಚಿಕೆಯೂ ಬೇಡ, ಉದಾಸೀನವೂ ಬೇಡ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಟ್ಟಿದ್ದ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದಂಥ ಶುಭ ಸಮಾರಂಭದಲ್ಲಿ ಈ ವಿಷಯ ಎತ್ತಬಹುದೇ ಎಂದು ಕಾರ್ಯದರ್ಶಿಗಳಿಗೆ ಸ್ವಲ್ಪ ಅನುಮಾನವಿತ್ತು. "ಶುಗರು, ಬಿ.ಪಿ. ಬಗ್ಗೆ ಹೇಳಿ ಸಾರ್, ಜನ ಕೂತ್ಕೊಂಡು ಕೇಳ್ತಾರೆ" ಅಂದರು. ಶುಗರು, ಬಿ.ಪಿ. ಬಗ್ಗೆ ಹೇಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ಮಲಬದ್ಧತೆ ಬಗ್ಗೆ ವೇದಿಕೆ ಮೇಲೆ ನಿಂತು ಹೇಳುವವರು ಕಡಿಮೆ. ಆದರೆ ನಮ್ಮ ಚಿಕಿತ್ಸಾಲಯಕ್ಕೆ ಬರುವವರನ್ನು ನೋಡಿ. ಕೆಮ್ಮು, ಮಂಡಿನೋವು ಎಲ್ಲ ಹೇಳಿ, ಚೀಟಿ ಬರೆಸಿಕೊಂಡು, ಬಾಗಿಲ ತನಕ ಹೋಗಿ, ಅಲ್ಲಿಂದ ತಿರುಗಿ ಬಂದು ಮೆಲ್ಲಗೆ "ಡಾಕ್ಟ್ರೇ, ಇನ್ನೊಂದು ವಿಷ್ಯ... ಹೊರಕಡೆ ಸರಿಯಾಗಿ ಆಗ್ತಿಲ್ಲ" ಅನ್ನುತ್ತಾರೆ. ಎಷ್ಟು ದಿನದಿಂದ ಅಂತ ಕೇಳಿದರೆ "ಮೂರು ವರ್ಷ ಆಯ್ತು" ಅನ್ನುತ್ತಾರೆ. ಈ ಮೂರು ವರ್ಷ ಬಾಯಿ ಬಿಡದೆ ಇದ್ದದ್ದರಿಂದ ಆಗುವ ತೊಂದರೆ ಏನು ಎನ್ನುವುದನ್ನೇ ಇವತ್ತು ಹೇಳಬೇಕೆಂದಿದ್ದೇವೆ.

ಮೊದಲು ಒಂದು ಮಾತು. ದನ ಕಟ್ಟಿದ ಮನೆಯವರಿಗೆ ಈ ವಿಷಯದಲ್ಲಿ ನಾಚಿಕೆ ಏಕಿರಬೇಕು? ಬೆಳಿಗ್ಗೆ ಎದ್ದು ಕೊಟ್ಟಿಗೆಗೆ ಹೋದ ತಕ್ಷಣ ನೀವು ನೋಡುವುದು ಏನನ್ನು? ಸಗಣಿಯನ್ನು. ಗಟ್ಟಿಯಾಗಿದೆಯೋ, ನೀರಾಗಿದೆಯೋ, ಹಾಕಿಯೇ ಇಲ್ಲವೋ ಅಂತ ನೋಡಿ ಹಸುವಿನ ಆರೋಗ್ಯ ಹೇಳಿಬಿಡುತ್ತೀರಿ. ಒಂದು ದಿನ ಸಗಣಿ ಹಾಕದಿದ್ದರೆ ಪಶುವೈದ್ಯರಿಗೆ ಫೋನು ಹೋಗುತ್ತದೆ. ಅದೇ ಮನೆಯ ಯಜಮಾನಿಗೆ ನಾಲ್ಕು ದಿನ ಹೊಟ್ಟೆ ಕಟ್ಟಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹಸುವಿಗೆ ತೋರಿಸುವ ಕಾಳಜಿಯಲ್ಲಿ ಅರ್ಧವನ್ನಾದರೂ ನಮ್ಮ ಮೈಗೆ ತೋರಿಸಬೇಕು.

ಈಗ ಮಲಬದ್ಧತೆ ಅಂದರೆ ಏನು? ದಿನಕ್ಕೆ ಒಂದು ಸಲ ಆಗಲೇಬೇಕು, ಇಲ್ಲದಿದ್ದರೆ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದು ನಿಜವಲ್ಲ. ದಿನಕ್ಕೆ 3 ಸಲದಿಂದ ಹಿಡಿದು ವಾರಕ್ಕೆ 3 ಸಲದವರೆಗೆ, ಯಾವ ತ್ರಾಸವೂ ಇಲ್ಲದೆ ಆಗುತ್ತಿದ್ದರೆ ಅದು ಸಹಜವೇ. ದಿನ ಬಿಟ್ಟು ದಿನ ಸುಖವಾಗಿ ಆಗುವವನಿಗೆ ಔಷಧಿ ಬೇಡ. ಪ್ರತಿದಿನ ಹೋದರೂ ಅರ್ಧ ಗಂಟೆ ಮುಕ್ಕುತ್ತಾ ಕೂತು, ಆಡಿನ ಹಿಕ್ಕೆಯ ಹಾಗೆ ನಾಲ್ಕು ಉಂಡೆ ಬಿದ್ದು, ಇನ್ನೂ ಒಳಗೇ ಇದೆ ಅನ್ನಿಸಿದರೆ ಅದು ಮಲಬದ್ಧತೆ. ವೈದ್ಯರು ಇದಕ್ಕೆ ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ. ನಾಲ್ಕು ಸಲ ಹೋದರೆ ಒಂದು ಸಲಕ್ಕಿಂತ ಹೆಚ್ಚು ಮುಕ್ಕಬೇಕಾಗುವುದು, ಗಟ್ಟಿಯಾಗುವುದು, ಪೂರ್ತಿ ಆಗಲಿಲ್ಲ ಅನ್ನಿಸುವುದು, ಬಾಗಿಲಲ್ಲಿ ಅಡ್ಡ ಕೂತ ಹಾಗಾಗುವುದು, ಕೈಬೆರಳಿನ ಸಹಾಯ ಬೇಕಾಗುವುದು, ಇಲ್ಲವೇ ವಾರಕ್ಕೆ 3 ಸಲಕ್ಕಿಂತ ಕಡಿಮೆ ಆಗುವುದು. ಇವುಗಳಲ್ಲಿ ಎರಡು ಲಕ್ಷಣ ಮೂರು ತಿಂಗಳಿಂದ ಇದ್ದು, ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿದ್ದರೆ ಅದನ್ನು ದೀರ್ಘಕಾಲದ ಮಲಬದ್ಧತೆ ಅನ್ನುತ್ತಾರೆ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು 1997ರಲ್ಲಿ ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಿ ಪ್ರಕಟಿಸಿದ ಒಂದು ಪಟ್ಟಿ ಇದೆ. ಮೊದಲನೆಯದು ಬಿಡಿಬಿಡಿ ಗಟ್ಟಿ ಉಂಡೆ, ಏಳನೆಯದು ಬರೀ ನೀರು. ಮೂರು, ನಾಲ್ಕನೆಯ ಬಗೆ, ಅಂದರೆ ಬಾಳೆಹಣ್ಣಿನ ಆಕಾರದಲ್ಲಿ ಮೆತ್ತಗೆ ಇರುವುದು ಒಳ್ಳೆಯದು. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಈ ಪಟ್ಟಿ ತೋರಿಸಿಯೇ ಕೇಳುತ್ತಾರೆ. ಸಗಣಿ ನೋಡಿ ರೋಗ ಹೇಳುವ ನಿಮ್ಮ ವಿದ್ಯೆಯೇ ಅದು.

ಮಲ ಗಟ್ಟಿಯಾಗುವುದು ಹೇಗೆ? ನಾವು ಕುಡಿಯುವ ನೀರು, ತಿನ್ನುವ ಆಹಾರ, ಜೊತೆಗೆ ಜಠರ, ಪಿತ್ತಕೋಶ, ಕರುಳು ಇವೆಲ್ಲ ಸುರಿಸುವ ರಸ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಇಳಿಯುತ್ತದೆ. ಸಣ್ಣ ಕರುಳು ಅದರಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಂಡು ಒಂದು ಒಂದೂವರೆ ಲೀಟರನ್ನು ದೊಡ್ಡ ಕರುಳಿಗೆ ದಾಟಿಸುತ್ತದೆ. ದೊಡ್ಡ ಕರುಳು ಅದನ್ನೂ ಹೀರಿ, ಕೊನೆಗೆ ಮಲದಲ್ಲಿ ಉಳಿಯುವ ನೀರು ಒಂದು ಲೋಟದಷ್ಟೂ ಇರುವುದಿಲ್ಲ. ಅಲ್ಲಿ ಮಲ ಹೆಚ್ಚು ಹೊತ್ತು ಕೂತಷ್ಟೂ ನೀರು ಹೀರಿಕೆಯಾಗುತ್ತಲೇ ಹೋಗುತ್ತದೆ. ಬಂದ ಕರೆಯನ್ನು ತಡೆದವರಿಗೆ ಸಂಜೆಗೆ ಗಟ್ಟಿ, ಮರುದಿನಕ್ಕೆ ಕಲ್ಲು.

ತಡೆದುಕೊಳ್ಳುವ ವಿಷಯ ಬಂತು. ಇಲ್ಲಿ ಅಕ್ಕತಂಗಿಯರನ್ನು ಕುರಿತು ನೇರವಾಗಿ ಹೇಳಬೇಕಾಗಿದೆ, ಗಂಡಸರೂ ಗಮನವಿಟ್ಟು ಕೇಳಬೇಕು. ಮಲಬದ್ಧತೆ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಇದಕ್ಕೆ ಹಾರ್ಮೋನಿನ ಕಾರಣವಿದೆ, ಹೆರಿಗೆಯಲ್ಲಿ ಕೆಳಗಿನ ಸ್ನಾಯುಗಳು ಸಡಿಲವಾಗುವ ಕಾರಣವಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಮನೆಯಲ್ಲಿ ಕಕ್ಕಸು ಇಲ್ಲದ ಕಾಲದಲ್ಲಿ ಹೆಂಗಸರು ಬೆಳಕು ಹರಿಯುವ ಮುಂಚೆ ಹೋಗಬೇಕು, ಇಲ್ಲವೇ ಕತ್ತಲಾದ ಮೇಲೆ ಹೋಗಬೇಕು. ನಡುವೆ ಕರೆ ಬಂದರೆ ತಡೆದುಕೊಳ್ಳಬೇಕು. ಕರೆ ಬಾರದಿರಲಿ ಅಂತ ನೀರು ಕಡಿಮೆ ಕುಡಿಯಬೇಕು, ರಾತ್ರಿ ಊಟ ಅರ್ಧಕ್ಕೇ ಬಿಡಬೇಕು. ಇಪ್ಪತ್ತು ಮೂವತ್ತು ವರ್ಷ ಹೀಗೆ ತಡೆದರೆ, ಮಲ ಬಂದಿದೆ ಎಂದು ಸುದ್ದಿ ಕೊಡುವ ಕೊನೆಯ ಕರುಳು ಸುದ್ದಿ ಕೊಡುವುದನ್ನೇ ಮಂದ ಮಾಡುತ್ತದೆ. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಮನೆಮನೆಗೆ ಕಕ್ಕಸು ಬಂದವು. ಒಳ್ಳೆಯ ಕೆಲಸ. ಆದರೆ ಬಂದ ಕಕ್ಕಸಿನಲ್ಲಿ ಕೆಲವು ಕಡೆ ಸೌದೆ, ಹಿಂಡಿ ಮೂಟೆ ಇಟ್ಟಿರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನೀರಿನ ನಲ್ಲಿ ಇಲ್ಲ, ಬಾಗಿಲಿಗೆ ಚಿಲಕ ಇಲ್ಲ. ಇಂಥ ಮನೆಯ ಹೆಂಗಸರಿಗೆ ನಾವು ಎಷ್ಟು ಗುಳಿಗೆ ಬರೆದರೂ ಅಷ್ಟೇ. ಚಿಲಕ ಹಾಕಿಸಿ ಸ್ವಾಮಿ. ಒಂದು ಚಿಲಕಕ್ಕೆ ಔಷಧಿಗಿಂತ ಕಡಿಮೆ ದುಡ್ಡು.

ಇನ್ನೊಂದು ಮಾತು. ಬೆಳಿಗ್ಗೆ ಎದ್ದಾಗ ಮತ್ತು ಹೊಟ್ಟೆಗೆ ಏನಾದರೂ ಬಿದ್ದ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಅದು ಪ್ರಕೃತಿ ಇಟ್ಟ ಗಳಿಗೆ. ನಮ್ಮ ಹಾಲಿನ ಮನೆಗಳಲ್ಲಿ ಆ ಗಳಿಗೆಯಲ್ಲೇ ಹೆಂಗಸು ಹಸುವಿನ ಕೆಚ್ಚಲ ಹತ್ತಿರ ಕೂತಿರುತ್ತಾಳೆ. ಡೈರಿ ಮುಚ್ಚುವುದರೊಳಗೆ ಹಾಲು ಹಾಕಬೇಕು, ಆಮೇಲೆ ಮಕ್ಕಳ ಸ್ಕೂಲು, ಆಮೇಲೆ ತಿಂಡಿ. ಎಲ್ಲ ಮುಗಿಸಿ ಉಸ್ಸಪ್ಪಾ ಅನ್ನುವಾಗ ಕರೆ ಹೋಗಿಬಿಟ್ಟಿರುತ್ತದೆ. ಹಾಲು ಕರೆದು ತಂದ ಮೇಲೆ ಒಂದು ಲೋಟ ಬಿಸಿನೀರೋ ಕಾಫಿಯೋ ಕುಡಿದು, ಕರೆ ಬರಲಿ ಬಿಡಲಿ, ಹತ್ತು ನಿಮಿಷ ಹೋಗಿ ಕೂರುವ ಅಭ್ಯಾಸ ಮಾಡಿ. ಆ ಹತ್ತು ನಿಮಿಷ ಮನೆಯವರು ಒಲೆ ನೋಡಿಕೊಂಡರೆ ಗಂಟೇನೂ ಹೋಗುವುದಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಮೊಬೈಲು ಹಿಡಿದುಕೊಂಡು ಒಳಗೆ ಹೋಗುವ ಹುಡುಗರಿಗೂ ಈ ಮಾತು ಸೇರಿಸಿ ಹೇಳಿದ್ದೇವೆ. ಗಂಟೆಗಟ್ಟಲೆ ಕೂರುವುದೇ ಮೂಲವ್ಯಾಧಿಗೆ ದಾರಿ.

ಕೂರುವ ಭಂಗಿಯೂ ಮುಖ್ಯ. ಗುದದ್ವಾರದ ಮೇಲ್ಭಾಗದಲ್ಲಿ ಕವಣೆಯ ಪಟ್ಟಿಯ ಹಾಗೆ ಒಂದು ಸ್ನಾಯು ಕರುಳನ್ನು ಮುಂದಕ್ಕೆ ಎಳೆದು ಹಿಡಿದಿರುತ್ತದೆ. ಅದರಿಂದ ಕರುಳು ಅಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ, ಮಲ ಸೋರುವುದಿಲ್ಲ. ಕುಕ್ಕರಗಾಲಲ್ಲಿ ಕೂತಾಗ ಈ ಪಟ್ಟಿ ಸಡಿಲವಾಗಿ ದಾರಿ ನೆಟ್ಟಗಾಗುತ್ತದೆ. ಮಂಡಿನೋವು ಅಂತ ಈಗ ಬಹಳ ಮನೆಗಳಲ್ಲಿ ಕಮೋಡ್ ಹಾಕಿಸಿದ್ದಾರೆ. ತಪ್ಪೇನಿಲ್ಲ. ಪಾದದ ಕೆಳಗೆ ಒಂದು ಗಿಡ್ಡ ಮಣೆ, ಹಾಲು ಕರೆಯುವಾಗ ಕೂರುವ ಮಣೆಯಷ್ಟೇ ಎತ್ತರದ್ದು, ಇಟ್ಟುಕೊಂಡು, ಮಂಡಿ ಸೊಂಟಕ್ಕಿಂತ ಮೇಲೆ ಬರುವ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿ ಕೂತರೆ ಕುಕ್ಕರಗಾಲಿನ ಲಾಭ ಸಾಕಷ್ಟು ಸಿಗುತ್ತದೆ.

ಈಗ ಆಹಾರಕ್ಕೆ ಬರೋಣ. ಡೆನಿಸ್ ಬರ್ಕಿಟ್ ಎಂಬ ಐರ್ಲೆಂಡಿನ ಶಸ್ತ್ರವೈದ್ಯರು ಬಹಳ ವರ್ಷ ಆಫ್ರಿಕಾದ ಉಗಾಂಡದಲ್ಲಿ ಕೆಲಸ ಮಾಡಿದವರು. ಅಲ್ಲಿಯ ಹಳ್ಳಿಯವರ ಮಲ, ಬ್ರಿಟನ್ನಿನವರ ಮಲ ಎರಡನ್ನೂ ತೂಗಿ ನೋಡಿ, ತಿಂದದ್ದು ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು 1972ರಲ್ಲಿ ತಮ್ಮ ಜೊತೆಗಾರರೊಂದಿಗೆ ಪ್ರಕಟಿಸಿದರು. ನಾರು ತಿನ್ನುವ ಹಳ್ಳಿಯವರದು ತೂಕ ಬಹಳ ಹೆಚ್ಚು, ಸಮಯ ಬಹಳ ಕಡಿಮೆ. ಬಿಳಿ ಬ್ರೆಡ್ಡು ತಿನ್ನುವವರದು ಉಲ್ಟಾ. ಆಗ ಪ್ರಪಂಚ ನಾರಿನ ಕಡೆ ತಿರುಗಿ ನೋಡಿತು.

ನಮ್ಮ ಸೀಮೆಯಲ್ಲಿ ರಾಗಿ ಮುದ್ದೆ, ಬಸ್ಸಾರು, ಉಪ್ಸಾರು, ಮಸ್ಸೊಪ್ಪು ತಿನ್ನುತ್ತಿದ್ದ ಕಾಲದಲ್ಲಿ ನಾರಿನ ಬಗ್ಗೆ ಯಾರೂ ಭಾಷಣ ಮಾಡಬೇಕಾಗಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಲೆಕ್ಕ ಹಾಕಿ. ಮೂರು ಹೊತ್ತೂ ಅನ್ನ, ಇಡ್ಲಿ, ಚಿತ್ರಾನ್ನ ಅಂತ ದಿನಕ್ಕೆ 300 ಗ್ರಾಂ ಅಕ್ಕಿ ತಿಂದರೆ ಅದರಿಂದ ಬರುವ ನಾರು 8 ಗ್ರಾಂ ಚಿಲ್ಲರೆ. ಎರಡು ಮುದ್ದೆಗೆ 200 ಗ್ರಾಂ ಹಿಟ್ಟು ಅಂದರೆ 22 ಗ್ರಾಂ. ಒಬ್ಬ ದೊಡ್ಡವನಿಗೆ ದಿನಕ್ಕೆ ಬೇಕಾದ್ದು 25ರಿಂದ 30 ಗ್ರಾಂ. ಎರಡು ಮುದ್ದೆ, ಒಂದು ಹಿಡಿ ಕಾಳು, ಒಂದು ಸೊಪ್ಪಿನ ಸಾರು ಆದರೆ ಲೆಕ್ಕ ಚುಕ್ತಾ. 2013ರಲ್ಲಿ ಅನ್ನಭಾಗ್ಯ ಬಂದು ಹಸಿವು ನೀಗಿತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮುದ್ದೆಯ ಜಾಗವನ್ನೆಲ್ಲ ಅನ್ನಕ್ಕೆ ಬಿಟ್ಟುಕೊಟ್ಟವರು ಹೊಟ್ಟೆಗೆ ಬೆಲೆ ತೆರುತ್ತಿದ್ದಾರೆ. ನ್ಯಾಯಬೆಲೆ ಅಂಗಡಿಯಲ್ಲಿ ರಾಗಿ ಕೊಟ್ಟ ತಿಂಗಳು ಅದನ್ನು ಮಾರಿಕೊಳ್ಳದೆ ಮನೆಗೆ ತನ್ನಿ.

ತಮಾಷೆಯ ಸಂಗತಿ ಒಂದಿದೆ. ಗೋಧಿಯ ಮೇಲಿನ ಹೊಟ್ಟನ್ನು ಬೂಸಾ ಅಂತ ಹಸುವಿಗೆ ಹಾಕುತ್ತೇವೆ. ಭತ್ತದ ತೌಡನ್ನೂ ಹಸುವಿಗೇ ಹಾಕುತ್ತೇವೆ. ಒಳಗಿನ ಬಿಳೀ ಭಾಗವನ್ನು ಮೈದಾ ಅಂತ, ಪಾಲಿಶ್ ಅಕ್ಕಿ ಅಂತ ನಾವು ತಿನ್ನುತ್ತೇವೆ. ಹಸುವಿಗೆ ಸಲೀಸು, ಯಜಮಾನನಿಗೆ ಮುಕ್ಕುವುದು. ಪಟ್ಟಣದಲ್ಲಿ ಅದೇ ಗೋಧಿ ಹೊಟ್ಟನ್ನು ಚಂದದ ಡಬ್ಬಿಗೆ ಹಾಕಿ, ಮಲಬದ್ಧತೆಗೆ ಒಳ್ಳೆಯದು ಅಂತ ಬರೆದು ಮಾರುತ್ತಾರೆ. (ಕೊಟ್ಟಿಗೆಯ ಬೂಸಾ ಮೂಟೆಗೆ ಮಾತ್ರ ಕೈ ಹಾಕಬೇಡಿ, ಅದು ಮನುಷ್ಯರಿಗಾಗಿ ಶುದ್ಧ ಮಾಡಿದ್ದಲ್ಲ. ಗೋಧಿ ಹಿಟ್ಟನ್ನು ಜರಡಿ ಹಿಡಿಯದೆ ಚಪಾತಿ ಮಾಡಿ, ಸಾಕು.)

ಕಾಳುಗಳಲ್ಲಿ ಕಡಲೆಕಾಳು 100 ಗ್ರಾಂಗೆ 25 ಗ್ರಾಂ, ಹೆಸರುಕಾಳು 17 ಗ್ರಾಂ ನಾರು ಕೊಡುತ್ತವೆ. ಸಿಪ್ಪೆ ತೆಗೆದ ಬೇಳೆಗಿಂತ ಇಡೀ ಕಾಳು ಮೇಲು. ಹಿತ್ತಿಲ ನುಗ್ಗೆಸೊಪ್ಪು, ಪರಂಗಿಹಣ್ಣು, ಸೀಬೆಹಣ್ಣು ಇವೆಲ್ಲ ದುಡ್ಡಿಲ್ಲದ ಔಷಧಿ. ಒಂದು ಎಚ್ಚರಿಕೆ. ನಾಳೆಯಿಂದಲೇ ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದರೆ ಹೊಟ್ಟೆ ಉಬ್ಬರಿಸಿ, ಗ್ಯಾಸು ತುಂಬಿ, ಡಾಕ್ಟರಿಗೆ ಶಾಪ ಹಾಕುತ್ತೀರಿ. ಹಸುವಿಗೆ ಮೇವು ಬದಲಾಯಿಸುವಾಗ ಹಂತಹಂತವಾಗಿ ಬದಲಾಯಿಸುವುದಿಲ್ಲವೇ, ಹಾಗೆ ಎರಡು ಮೂರು ವಾರ ತೆಗೆದುಕೊಂಡು ಹೆಚ್ಚಿಸಿ.

ನೀರಿನ ವಿಷಯದಲ್ಲಿ ಸ್ವಲ್ಪ ಅತಿ ಮಾತು ನಡೆಯುತ್ತಿದೆ. ಬೆಳಿಗ್ಗೆ ಎದ್ದು ಎರಡು ಚೊಂಬು ನೀರು ಕುಡಿದರೆ ಮಲಬದ್ಧತೆ ಮಾಯ ಅನ್ನುತ್ತಾರೆ. ಸಾಕಷ್ಟು ನೀರು ಕುಡಿಯುವವನು ಇನ್ನೂ ಎರಡು ಚೊಂಬು ಕುಡಿದರೆ ಅದು ಮೂತ್ರವಾಗಿ ಹೋಗುತ್ತದೆಯೇ ಹೊರತು ಮಲ ಮೆತ್ತಗಾಗುವುದಿಲ್ಲ. ಆದರೆ ಬಿಸಿಲಲ್ಲಿ ಕಳೆ ತೆಗೆಯುವವರು, ಮೂತ್ರಕ್ಕೆ ಜಾಗ ಇಲ್ಲ ಅಂತ ನೀರು ಬಿಟ್ಟವರು, ಇವರಿಗೆ ನೀರು ನಿಜಕ್ಕೂ ಕಡಿಮೆ ಬಿದ್ದಿರುತ್ತದೆ. ಮತ್ತೆ ನಾರು ಜಾಸ್ತಿ ತಿಂದವರು ನೀರನ್ನೂ ಜಾಸ್ತಿ ಕುಡಿಯಲೇಬೇಕು. ನಾರಿನ ಊಟದ ಜೊತೆ ದಿನಕ್ಕೆ ಎರಡು ಲೀಟರ್ ನೀರು ಕುಡಿದವರಿಗೆ ಬರೀ ನಾರು ತಿಂದವರಿಗಿಂತ ಹೆಚ್ಚು ಗುಣ ಕಂಡಿದೆ ಎಂದು 1998ರಲ್ಲಿ ಇಟಲಿಯ ವೈದ್ಯರು ತೋರಿಸಿದ್ದಾರೆ. ಹೃದಯ, ಮೂತ್ರಪಿಂಡದ ಕಾಯಿಲೆಯಿಂದ ನೀರು ಮಿತವಾಗಿ ಕುಡಿಯಿರಿ ಅಂತ ಹೇಳಿಸಿಕೊಂಡವರು ಮಾತ್ರ ತಮ್ಮ ವೈದ್ಯರ ಮಾತು ಮೀರಬಾರದು.

ಇನ್ನು ಔಷಧಿ. ಊಟ, ನೀರು, ಹೊತ್ತು ಸರಿ ಮಾಡಿದ ಮೇಲೂ ಬಗೆಹರಿಯದವರು ಇದ್ದಾರೆ. ಅವರು ಔಷಧಿ ತೆಗೆದುಕೊಳ್ಳುವುದಕ್ಕೆ ಸಂಕೋಚ ಪಡಬಾರದು. "ಅಭ್ಯಾಸ ಆಗಿಬಿಡ್ತದೆ" ಎಂಬ ಹೆದರಿಕೆ ಎಲ್ಲರಲ್ಲೂ ಇದೆ. ಎಲ್ಲ ಔಷಧಿಯನ್ನೂ ಒಂದೇ ಚೀಲಕ್ಕೆ ಹಾಕಿ ಹೇಳಬಾರದು.

ಮೊದಲನೆಯದು ಇಸಬ್ಗೋಲ್. ಗುಜರಾತು, ರಾಜಸ್ಥಾನಗಳಲ್ಲಿ ಬೆಳೆಯುವ ಒಂದು ಬೀಜದ ಹೊಟ್ಟು. ನೀರನ್ನು ಹೀರಿ ಲೋಳೆಯಾಗಿ ಮಲವನ್ನು ಮೆತ್ತಗೆ, ದಪ್ಪಗೆ ಮಾಡುತ್ತದೆ. ಒಂದೆರಡು ಚಮಚೆಯನ್ನು ದೊಡ್ಡ ಲೋಟ ನೀರಲ್ಲಿ ಕಲಸಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿಯುವವರಿದ್ದಾರೆ. ಅದು ಗಂಟಲಲ್ಲೋ ಕರುಳಲ್ಲೋ ಉಬ್ಬಿ ಅಡ್ಡ ಕೂರಬಹುದು. ಮಲಗುವ ಗಳಿಗೆಯಲ್ಲೂ ಬೇಡ. ನುಂಗಲು ಕಷ್ಟಪಡುವವರಿಗೆ, ಹಾಸಿಗೆ ಹಿಡಿದವರಿಗೆ ಇದು ಬೇಡವೇ ಬೇಡ. ಗುಣ ತಿಳಿಯಲು ಎರಡು ಮೂರು ದಿನ ಬೇಕು.

ಎರಡನೆಯದು ಕರುಳಿಗೆ ನೀರು ಎಳೆದು ತರುವ ಔಷಧಿಗಳು. ಲ್ಯಾಕ್ಟುಲೋಸ್ ಸಿರಪ್ಪು 15ರಿಂದ 30 ಎಂ.ಎಲ್. ಕೊಡುತ್ತೇವೆ, ಒಂದೆರಡು ದಿನದಲ್ಲಿ ಕೆಲಸ ಮಾಡುತ್ತದೆ, ಸ್ವಲ್ಪ ಗ್ಯಾಸು ಮಾಡುತ್ತದೆ. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ 17 ಗ್ರಾಂ ಪೊಟ್ಟಣದಲ್ಲಿ ಬರುತ್ತದೆ, ಒಂದು ಲೋಟ ನೀರಲ್ಲಿ ಕರಗಿಸಿ ಕುಡಿಯುವುದು. ದೀರ್ಘಕಾಲದ ಮಲಬದ್ಧತೆಗೆ ಇದನ್ನು ಬಳಸಿ ಎಂದು 2023ರಲ್ಲಿ ಅಮೆರಿಕದ ಜಠರಕರುಳು ತಜ್ಞರ ಸಂಘಗಳು ಬಲವಾಗಿ ಶಿಫಾರಸು ಮಾಡಿವೆ. ತಿಂಗಳುಗಟ್ಟಲೆ ತೆಗೆದುಕೊಂಡರೂ ಅಪಾಯ ಕಡಿಮೆ. ಮೆಗ್ನೀಷಿಯಂ ಇರುವ ಬಿಳಿ ಸಿರಪ್ಪುಗಳೂ ಇದೇ ಜಾತಿ. ಆದರೆ ಮೂತ್ರಪಿಂಡದ ಕಾಯಿಲೆಯವರಿಗೆ ಅವು ಆಗುವುದಿಲ್ಲ.

ಮೂರನೆಯದು ಕರುಳನ್ನು ತಟ್ಟಿ ಎಬ್ಬಿಸುವ ಔಷಧಿಗಳು. ಬಿಸಾಕೋಡಿಲ್ ಗುಳಿಗೆ, ಸೋನಾಮುಖಿ ಎಲೆ ಈ ಗುಂಪಿನವು. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆ ಆಗುತ್ತದೆ. ಬಿಸಾಕೋಡಿಲ್ ಬಗ್ಗೆ ಹಾಲಿನ ಸಂಘದಲ್ಲಿ ವಿಶೇಷವಾಗಿ ಹೇಳಬೇಕು. ಈ ಗುಳಿಗೆಯನ್ನು ಹಾಲಿನ ಜೊತೆ ನುಂಗಬಾರದು. ಜಠರ ದಾಟಿ ಕರುಳಿಗೆ ಹೋಗಿ ಕರಗಲಿ ಅಂತ ಅದಕ್ಕೆ ಒಂದು ಲೇಪ ಕೊಟ್ಟಿರುತ್ತಾರೆ. ಹಾಲು ಬಿದ್ದರೆ ಲೇಪ ಜಠರದಲ್ಲೇ ಕರಗಿ ಹೊಟ್ಟೆ ಹಿಂಡುತ್ತದೆ. ಹಾಲಿಗೂ ಗುಳಿಗೆಗೂ ಒಂದು ಗಂಟೆ ಅಂತರ ಇರಲಿ. ಗುಳಿಗೆಯನ್ನು ಅಗಿಯಲೂ ಬಾರದು. ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಇವು ಕರುಳನ್ನು ಸೋಮಾರಿ ಮಾಡುತ್ತವೆ ಎನ್ನುವುದಕ್ಕೆ ಒಳ್ಳೆಯ ಪುರಾವೆ ಇಲ್ಲ. ದಿನದಿನಕ್ಕೆ ಪ್ರಮಾಣ ಏರಿಸುತ್ತಾ ಹೋಗುವುದು ಬೇರೆ ವಿಷಯ, ಅಂಥವರು ಬಂದು ತೋರಿಸಬೇಕು. ಇಸಬ್ಗೋಲ್, ಲ್ಯಾಕ್ಟುಲೋಸ್, ಬಿಸಾಕೋಡಿಲ್ ಮೂರೂ 2022ರ ರಾಷ್ಟ್ರೀಯ ಅವಶ್ಯಕ ಔಷಧಿಗಳ ಪಟ್ಟಿಯಲ್ಲಿವೆ. ದುಬಾರಿ ಪುಡಿ, ಚೂರ್ಣಗಳ ಜಾಹೀರಾತಿಗೆ ಮರುಳಾಗಬೇಡಿ. ಅಂಥ ಬಹಳ ಚೂರ್ಣಗಳ ಒಳಗೆ ಕೆಲಸ ಮಾಡುವುದು ಅದೇ ಸೋನಾಮುಖಿ.

ಇವೆಲ್ಲ ಕೊಟ್ಟರೂ ಕೆಲವರಿಗೆ ಜಗ್ಗುವುದಿಲ್ಲ. ಅವರಲ್ಲಿ ಒಂದು ಗುಂಪಿನ ತೊಂದರೆ ಕರುಳಿನದಲ್ಲ, ಬಾಗಿಲಿನದು. ಮುಕ್ಕುವಾಗ ಸಡಿಲವಾಗಬೇಕಾದ ಸ್ನಾಯು ಅವರಲ್ಲಿ ಬಿಗಿಯಾಗುತ್ತದೆ. ಅಗುಳಿ ಹಾಕಿಕೊಂಡೇ ಬಾಗಿಲು ತಳ್ಳಿದ ಹಾಗೆ. ಇವರಿಗೆ ಗುಳಿಗೆ ಏರಿಸಿ ಪ್ರಯೋಜನವಿಲ್ಲ. ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿ, ಬಯೋಫೀಡ್‌ಬ್ಯಾಕ್ ಎಂಬ ತರಬೇತಿಯಿಂದ ಆ ಸ್ನಾಯುವನ್ನು ಸಡಿಲ ಬಿಡುವುದನ್ನು ಕಲಿಸುತ್ತಾರೆ. ಹೆಚ್ಚಿನವರಿಗೆ ಗುಣ ಕಾಣುತ್ತದೆ.

ಔಷಧಿಯಿಂದಲೇ ಮಲಬದ್ಧತೆ ಬರುವುದೂ ಉಂಟು. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ನೋವಿನ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಔಷಧಿ, ನಿದ್ದೆ ಮತ್ತು ನರದ ನೋವಿಗೆ ಕೊಡುವ ಕೆಲವು ಗುಳಿಗೆ, ಎಲ್ಲ ಪಟ್ಟಿಯಲ್ಲಿವೆ. ಬರುವಾಗ ತಿನ್ನುತ್ತಿರುವ ಎಲ್ಲ ಗುಳಿಗೆಯ ಚೀಟಿ ತನ್ನಿ. ಥೈರಾಯ್ಡ್ ಕಡಿಮೆಯಾದಾಗ, ಶುಗರು ಹಳೆಯದಾದಾಗ, ಕೈನಡುಕದ ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೂಡ ಹೊಟ್ಟೆ ಕಟ್ಟುತ್ತದೆ.

ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಈ ಮುಂದಿನ ಮಾತನ್ನು ಮರೆಯಬಾರದು. ಒಬ್ಬ ಅಜ್ಜನನ್ನು ನಮ್ಮಲ್ಲಿಗೆ ಕರೆತಂದಿದ್ದರು. ಹತ್ತು ದಿನದಿಂದ ಭೇದಿ, ಬಟ್ಟೆಯಲ್ಲೇ ನೀರು ನೀರಾಗಿ ಹೋಗುತ್ತಿದೆ, ಭೇದಿ ನಿಲ್ಲುವ ಗುಳಿಗೆ ಕೊಟ್ಟರೂ ನಿಲ್ಲುತ್ತಿಲ್ಲ ಅಂದರು. ಸೊಸೆಗೆ ದಿನಕ್ಕೆ ಐದು ಸಲ ಬಟ್ಟೆ ಒಗೆದು ಸಾಕಾಗಿತ್ತು, ಅಜ್ಜನಿಗೆ ಮನೆಯವರ ಮುಖ ನೋಡಲು ನಾಚಿಕೆ. ಕೈಗವಸು ಹಾಕಿ ಬೆರಳಿಂದ ಪರೀಕ್ಷೆ ಮಾಡಿದರೆ ಕೊನೆಯ ಕರುಳಿನ ತುಂಬ ಕಲ್ಲಿನಂಥ ಮಲ ತುಂಬಿ ಕೂತಿತ್ತು. ಮೇಲಿನಿಂದ ನೀರಾದದ್ದು ಅದರ ಸಂದಿಯಲ್ಲಿ ಸೋರುತ್ತಿತ್ತು. ಕಾಲುವೆಗೆ ದಿಮ್ಮಿ ಅಡ್ಡ ಬಿದ್ದಾಗ ಪಕ್ಕದಿಂದ ನೀರು ಜಿನುಗುವ ಹಾಗೆ. ಅದು ಭೇದಿಯಲ್ಲ, ಮಲಬದ್ಧತೆಯ ಕೊನೆಯ ಹಂತ. ಭೇದಿ ನಿಲ್ಲುವ ಗುಳಿಗೆ ಅಲ್ಲಿ ವಿಷ. ಅಡ್ಡ ಕೂತದ್ದನ್ನು ತೆಗೆದು, ಎನಿಮಾ ಕೊಟ್ಟು, ಆಮೇಲೆ ಪ್ರತಿದಿನ ಮೆತ್ತಗಾಗುವ ಔಷಧಿ ಕೊಟ್ಟ ಮೇಲೆ ಅಜ್ಜ ಮತ್ತೆ ಜಗಲಿ ಮೇಲೆ ಬಂದು ಕೂರುವಂತಾದರು. ಹಿರಿಯರಿಗೆ ಎಷ್ಟು ದಿನಕ್ಕೊಮ್ಮೆ ಆಗುತ್ತಿದೆ ಅಂತ ಮನೆಯಲ್ಲಿ ಯಾರಾದರೂ ಒಬ್ಬರು ಲೆಕ್ಕ ಇಡಿ. ಡೈರಿಯ ಹಾಲಿನ ಪಾಸ್‌ಬುಕ್ಕಿನ ಹಾಗೆ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದರೆ ಸಾಕು.

ಕೊನೆಯದಾಗಿ ಅಪಾಯದ ಲಕ್ಷಣಗಳು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಲವತ್ತೈದು ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಒಮ್ಮೆ ಕಟ್ಟಿ ಒಮ್ಮೆ ಭೇದಿಯಾಗುವುದು, ಒಡಹುಟ್ಟಿದವರಿಗೋ ತಂದೆತಾಯಿಗೋ ಕರುಳಿನ ಕ್ಯಾನ್ಸರ್ ಆಗಿದ್ದ ಚರಿತ್ರೆ. ಇವುಗಳಲ್ಲಿ ಒಂದಿದ್ದರೂ ಮನೆಮದ್ದು ಬಿಟ್ಟು ಪರೀಕ್ಷೆ ಮಾಡಿಸಬೇಕು. ರಕ್ತ ಬಿದ್ದರೆ ಎಲ್ಲರೂ ಮೂಲವ್ಯಾಧಿ ಅಂದುಕೊಳ್ಳುತ್ತಾರೆ. ಬಹುಪಾಲು ಅದೇ ಆಗಿರುತ್ತದೆ, ನಿಜ. ಆದರೆ ಕೊನೆಯ ಕರುಳಿನ ಕ್ಯಾನ್ಸರಿನಲ್ಲೂ ಹಾಗೇ ರಕ್ತ ಬೀಳುತ್ತದೆ. ಬಸ್ ನಿಲ್ದಾಣದ ಹತ್ತಿರ "ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ" ಎಂಬ ಬೋರ್ಡು ನೋಡಿ ಒಂದು ವರ್ಷ ಅಲ್ಲಿಗೆ ಓಡಾಡಿ, ಆಮೇಲೆ ನಮ್ಮಲ್ಲಿಗೆ ಬಂದವರೊಬ್ಬರಿಗೆ ಬೆರಳಿನ ಪರೀಕ್ಷೆಯಲ್ಲೇ ಗೆಡ್ಡೆ ಸಿಕ್ಕಿತು. ಒಂದು ನಿಮಿಷದ ಪರೀಕ್ಷೆ. ಆ ವರ್ಷದ ಹಿಂದೆಯೇ ಬಂದಿದ್ದರೆ ಶಸ್ತ್ರಚಿಕಿತ್ಸೆ ಬೇರೆ ಥರ ಇರುತ್ತಿತ್ತು. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಾ, ಮಲವೂ ಇಲ್ಲ, ಗಾಳಿಯೂ ಹೋಗುತ್ತಿಲ್ಲ ಅಂದರೆ ಕರುಳು ಪೂರ್ತಿ ಕಟ್ಟಿದೆ ಎಂದು ತಿಳಿದು ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೊರಡಬೇಕು. ಆಗ ಹರಳೆಣ್ಣೆ ಕುಡಿಸುವುದು ಪ್ರಾಣಕ್ಕೆ ಎರವು.

ಸಭೆಯಿಂದ ಕೆಲವು ಚೀಟಿಗಳು ಬಂದಿವೆ, ಹೆಸರು ಬರೆಯದೆ. ಒಳ್ಳೆಯದಾಯಿತು.

"ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿದು ಹೊಟ್ಟೆ ತೊಳೆಯಬೇಕೇ?" ಹರಳೆಣ್ಣೆ ಕೆಲಸ ಮಾಡುವುದು ನಿಜ. ಅದರೊಳಗಿನ ಆಮ್ಲ ಕರುಳಿನ ಸ್ನಾಯುವನ್ನು ಹೇಗೆ ಎಬ್ಬಿಸುತ್ತದೆ ಎಂದು 2012ರಲ್ಲಿ ಜರ್ಮನಿಯ ಸಂಶೋಧಕರು ಕಂಡುಹಿಡಿದಿದ್ದಾರೆ. ಆದರೆ ಹೊಟ್ಟೆ ಹಿಂಡುತ್ತದೆ, ನೀರು ಉಪ್ಪು ನಷ್ಟವಾಗುತ್ತದೆ, ಗರ್ಭಿಣಿಯರಿಗೆ ಕೂಡದು. ಮಲ ಒಳಗಿದ್ದರೆ ವಿಷ ರಕ್ತಕ್ಕೆ ಏರುತ್ತದೆ ಎಂಬುದು ಹಳೆಯ ನಂಬಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಆರ್ಬತ್ನಾಟ್ ಲೇನ್ ಇದನ್ನು ನಂಬಿ ಜನರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಆ ವಾದ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಆರೋಗ್ಯವಾಗಿರುವವರಿಗೆ ತೊಳೆಯುವ ಅಗತ್ಯವಿಲ್ಲ.

"ರಾತ್ರಿ ಬಿಸಿಹಾಲು ಕುಡಿದರೆ ಸಲೀಸಾಗುತ್ತದೆಯೇ?" ಹಾಲಿನ ಸಂಘದಲ್ಲಿ ನಿಂತು ಹೇಳುವುದು ಕಷ್ಟ, ಆದರೂ ಹೇಳುತ್ತೇವೆ. ಹಾಲಿನಲ್ಲಿ ನಾರು ಒಂದಿಷ್ಟೂ ಇಲ್ಲ. ಹಾಲಿನ ಸಕ್ಕರೆ ಅರಗದವರಿಗೆ ಬೆಳಿಗ್ಗೆ ಸಡಿಲವಾಗುತ್ತದೆ, ಅರಗುವವರಿಗೆ ಏನೂ ಆಗುವುದಿಲ್ಲ. ಹಾಲು ಕುಡಿಯಿರಿ, ಮೈಗೆ ಒಳ್ಳೆಯದು. ಮಲಬದ್ಧತೆಯ ಔಷಧಿ ಅಂತ ಕುಡಿಯಬೇಡಿ.

"ಸೋಪಿನ ನೀರು ಎನಿಮಾ ಮನೆಯಲ್ಲೇ ಕೊಡಬಹುದೇ?" ಬೇಡ. ಸೋಪು ಕರುಳಿನ ಒಳಪದರವನ್ನು ಸುಡುತ್ತದೆ.

ಕೊನೆಯ ಚೀಟಿ, ಅಕ್ಷರ ನೋಡಿದರೆ ಯಾರೋ ಹೆಣ್ಣುಮಗಳದ್ದು. "ಐದು ತಿಂಗಳ ಬಸುರಿ, ಆಶಾ ಅಕ್ಕ ಕೊಟ್ಟ ಕಬ್ಬಿಣದ ಗುಳಿಗೆಯಿಂದ ಹೊಟ್ಟೆ ಕಟ್ಟಿದೆ, ಬಿಟ್ಟುಬಿಡಲೇ?" ಬಿಡಬೇಡಮ್ಮಾ. ಮಲ ಕಪ್ಪಗಾಗುವುದು ಆ ಗುಳಿಗೆಯ ಗುಣ, ಹೆದರಬೇಡ. ಸೊಪ್ಪು, ಕಾಳು, ಹಣ್ಣು, ನೀರು ಹೆಚ್ಚಿಸು. ಅದರಿಂದ ಆಗದಿದ್ದರೆ ಇಸಬ್ಗೋಲ್ ಅಥವಾ ಲ್ಯಾಕ್ಟುಲೋಸ್ ಗರ್ಭಿಣಿಯರಿಗೂ ಕೊಡಬಹುದು. ಇಸಬ್ಗೋಲನ್ನು ಕಬ್ಬಿಣದ ಗುಳಿಗೆಯಿಂದ ಎರಡು ಗಂಟೆ ದೂರ ಇಟ್ಟು ತೆಗೆದುಕೋ. ಮುಂದಿನ ತಪಾಸಣೆ ದಿನ ಆಸ್ಪತ್ರೆಗೆ ಬಂದಾಗ ಬಾಗಿಲ ತನಕ ಹೋಗಿ ತಿರುಗಿ ಬರಬೇಡ, ಕೂತ ತಕ್ಷಣ ಇದನ್ನೇ ಮೊದಲು ಹೇಳು.